ಹೆಲಿಕಾಪ್ಟರ್ ಪಕ್ಕ ಅವ್ವ

ಚನ್ನಗಿರಿಯ ಅಡಿಕೆ ವ್ಯಾಪಾರಿ ನಾಗರಾಜಪ್ಪನವರು ಮಗನ ಮದುವೆ ದಿಬ್ಬಣಕ್ಕೆ ಬಾಡಿಗೆ ಹೆಲಿಕಾಪ್ಟರ್ ತರಿಸಿದ್ದರು. ಜಗಳೂರಿನ ಮೈದಾನದಲ್ಲಿ ಅದು ಇಳಿದದ್ದೇ ತಡ, ಹೆಣ್ಣಿನ ಕಡೆಯವರು ಮೂತಿಗೆ ಕುಂಕುಮ ಹಚ್ಚಿ, ಕೆಳಗೆ ನಿಂಬೆಹಣ್ಣಿಟ್ಟು, ಚೆಂಡುಹೂವಿನ ಮಾಲೆ ಸುತ್ತಿದರು. ಹಾರಲು ಬಂದಿತ್ತೋ, ಹಾರ ಹಾಕಿಸಿಕೊಳ್ಳಲು ಬಂದಿತ್ತೋ, ಹೇಳುವುದು ಕಷ್ಟ. ಕತ್ತಲಲ್ಲಿ ಹಾರುವಂತಿಲ್ಲವೆಂದು ರಾತ್ರಿ ಅಲ್ಲೇ ನಿಂತಿತು. ಬೆಳಗಾದರೆ ಹೊರಡುವುದು.

ನನ್ನ ತಮ್ಮ ಭೀಮೇಶ್ ಹೊನ್ನಾಳಿ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡು ಆಗ ಒಂದು ತಿಂಗಳು. ಜಗಳೂರಿನ ಫೋಟೊ ಸ್ಟುಡಿಯೊ ನಮ್ಮಿಬ್ಬರದು. ಅವ್ವನನ್ನು ಒಂದು ದಿನ ವಿಮಾನದ ಪಕ್ಕ ನಿಲ್ಲಿಸುತ್ತೇನೆ, ಜೊತೆಗೆ ನಾನು ನಿಲ್ಲುತ್ತೇನೆ, ಅಣ್ಣ ಫೋಟೊ ಹೊಡೆಯುತ್ತಾನೆ ಎಂದು ಅವನು ಹೇಳುತ್ತಲೇ ಇದ್ದ. ತಹಶೀಲ್ದಾರರಿಂದ ಬಸ್ ಕಂಡಕ್ಟರ್‌ವರೆಗೆ ಯಾರ ದನಿ ಬೇಕಾದರೂ ತೆಗೆಯುವ ನನಗೆ ಅಳುವ ದನಿ ಮಾತ್ರ ಇನ್ನೂ ಬಂದಿರಲಿಲ್ಲ. ಬಾಕಿ ಉಳಿದ ಆರ್ಡರ್ ಮುಗಿಸುವವನಂತೆ ಆ ರಾತ್ರಿ ಅವ್ವನನ್ನು ಮೈದಾನಕ್ಕೆ ಕರೆದುಕೊಂಡು ಹೊರಟೆ.

ತೀರಿಹೋದ ತಮ್ಮನ ಆಸೆ ಎಂದು ಹೇಳಿಕೊಂಡರೂ ಕಾವಲಿಗಿದ್ದ ನ್ಯಾಮತಿಯ ಸಿದ್ದೇಶ್ ಹತ್ತಿರ ಬಿಡಲಿಲ್ಲ. ನಾನು ಶಾಮಿಯಾನದ ಹಿಂದೆ ಹೋಗಿ ನಾಗರಾಜಪ್ಪನವರ ಹಾಗೆ ಎರಡು ಸಲ ಕೆಮ್ಮಿ, "ಏ ಸಿದ್ದೇಶ, ಅವ್ರು ನಮ್ಮೋರೇ ಕಣಪ್ಪ, ಬಿಡು" ಎಂದೆ. ಅವನು ಕತ್ತಲಿಗೇ ಕೈ ಮುಗಿದು ನಮ್ಮನ್ನು ಹತ್ತಿರ ಬಿಟ್ಟ. ಬೇರೆ ದಿನವಾಗಿದ್ದರೆ ವಾರವಿಡೀ ಊರಿಗೆಲ್ಲ ಹೇಳಿಕೊಂಡು ನಗುತ್ತಿದ್ದೆ.

ಫ್ಲ್ಯಾಶ್ ಹಾಕಿದರೆ ಗಾಜು ಮಾತ್ರ ಹೊಳೆಯುತ್ತಿತ್ತು. ದೂರದ ಬೀದಿದೀಪದ ಬೆಳಕಿಗೆ ಶಟರನ್ನು ಅರ್ಧ ನಿಮಿಷ ತೆರೆದಿಡಬೇಕು. ಅಷ್ಟು ಹೊತ್ತು ಅಲ್ಲಾಡಬಾರದೆಂದು ಅವ್ವನಿಗೆ ಹೇಳಿದೆ. ಅವಳು ರೇಷನ್ ಕಾರ್ಡಿನ ಫೋಟೊಗೆ ನಿಂತಂತೆ ನಿಂತಳು. ಅರ್ಧದಲ್ಲಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ನಿಂತಳು.

ಕ್ಯಾಮೆರಾದ ತೆರೆಯ ಮೇಲೆ ಹೆಲಿಕಾಪ್ಟರ್ ಚೆಂಡುಹೂವಿನ ಎಸಳೆಸಳೂ ಕಾಣುವಷ್ಟು ಸ್ಪಷ್ಟ. ಅದರ ಮುಂದೆ ಹೊಗೆಯಂಥ ಎರಡು ಆಕೃತಿ. ಎರಡರ ಮೈಯ ಮೂಲಕವೂ ಬಾಗಿಲು ಕಾಣುತ್ತಿತ್ತು. ಇಣುಕಿದ ಸಿದ್ದೇಶ್ ಸದ್ದಿಲ್ಲದೆ ಚಪ್ಪಲಿ ಬಿಟ್ಟ.

"ನಿಮ್ಮ ತಮ್ಮನೇ ಕಣ್ರೀ ಬಂದು ನಿಂತಿರೋದು."

ನಾನು ಅಲ್ಲವೆನ್ನಲಿಲ್ಲ. ನಂಬಿದರೆ ಅವ್ವ ಇವತ್ತಾದರೂ ನಿದ್ದೆ ಮಾಡಿಯಾಳು ಎಂದುಕೊಂಡು ಕ್ಯಾಮೆರಾವನ್ನು ಅವಳ ಕಡೆ ತಿರುಗಿಸಿದೆ.

ಅವಳು ಬಹಳ ಹೊತ್ತು ನೋಡಿದಳು. "ಎರಡೂ ನಾನೇ. ನಾನೇ ಸರ್ದಿದ್ದು. ಅವ್ನು ನಿಲ್ಲಾಕೆ ಜಾಗ ಬ್ಯಾಡವಾ? ಊಟಕ್ಕೆ ಅವನ ಎಡೆ ತೆಗ್ದಿಡ್ತೀವಲ್ಲ, ಹಂಗೆ."

ಇನ್ನೊಂದು ಹೊಡೆಯಲೇ ಎಂದು ಕೇಳಿದೆ.

"ಹೊಡಿ. ಈ ಸಲ ಮೊದ್ಲೇ ಸರ್ದು ನಿಲ್ತೀನಿ."

ಅವಳು ಚೌಕಟ್ಟಿನ ಅಂಚಿಗೆ ಹೋಗಿ ನಿಂತಳು. ನಾನು ಶಟರ್ ತೆರೆದೆ. ಅರ್ಧ ನಿಮಿಷ ಮಾಡಲು ಬೇರೇನೂ ಕೆಲಸವಿರಲಿಲ್ಲ; ಅವಳು ಬಿಟ್ಟ ಜಾಗವನ್ನೇ ನೋಡಿದೆ. ಶಟರ್ ಮುಚ್ಚಿಕೊಂಡಿತು. ಆಯಿತೆಂದು ಅವ್ವನಿಗೆ ನಾನು ತಕ್ಷಣ ಹೇಳಲಿಲ್ಲ.