ಪಟ್ಟಿಯಲ್ಲಿಲ್ಲದ ಪಾತಿ ದೋಣಿ

ನಾನು ಮಾವಿನ ಹಲಗೆಯ ಒಂದು ಪಾತಿ ದೋಣಿ. ಹುಟ್ಟಿದ್ದು ಅಳಿವೆಯ ದಡದಲ್ಲಿ, ಮಂಜ ಆಚಾರಿಯ ಉಳಿಯಡಿ. ಇಬ್ಬರು ಕೂತರೆ ತುಂಬಿದ ಮನೆ. ಮೊದಲು ಗಾಳ ಹಾಕುವ ಮುದುಕನೊಬ್ಬನ ಬಳಿಯಿದ್ದೆ. ಅವನ ನಂತರ ಕೆಸರಿನಲ್ಲಿ ಬಳಚೆಂಬ ಚಿಪ್ಪುಮೀನು ಆರಿಸುವ ಬೀರಮ್ಮನ ಪಾಲಾದೆ. ಮೊಣಕಾಲುದ್ದ ನೀರಿದ್ದರೂ ತೇಲುತ್ತೇನೆ. ತೇಲಿಸಿ ಮಾತಾಡುವುದು ಮಾತ್ರ ಬಾರದು. ಅದು ಮೀನುಗಾರರ ಸಂಘದ ಸೆಕ್ರೆಟರಿ ವಾಮನನ ವಿದ್ಯೆ.

ಒಂದು ವರ್ಷ ಕಡಲಲ್ಲಿ ಕ್ಷಿಪಣಿ ಪರೀಕ್ಷೆ ಎಂದಾಯಿತು. ಗುರುವಾರ ಹನ್ನೊಂದರೊಳಗೆ ಸಣ್ಣ ದೋಣಿಗಳೆಲ್ಲ ಅಳಿವೆಯೊಳಗೆ ಬರಬೇಕು. ಯಾವುದನ್ನು ಎಲ್ಲಿ ಕಟ್ಟುವುದೆಂದು ಪಟ್ಟಿ ಬರೆಯಲು ವಾಮನ ದೋಣಿಗಳು ನಿಲ್ಲುವ ಧಕ್ಕೆಯ ಮೇಲೆ ಕುರ್ಚಿ ಹಾಕಿದ. ಕೈಯಲ್ಲಿ ಬ್ಯಾಟರಿ ಮೈಕು. ಪಕ್ಕದವನ ಜೊತೆಗೂ ಅದರಲ್ಲೇ ಮಾತು.

"ನಮ್ಮದೂ ಬರ್ಕೊ ವಾಮಣ್ಣ," ಎಂದಳು ಬೀರಮ್ಮ.

"ಇದು ದೋಣಿಯನಾ ಬೀರಕ್ಕ? ದನಕ್ಕೆ ಅಕ್ಕಚ್ಚು ಇಡೋ ಮರಿಗೆ." ಮೈಕಿನಲ್ಲೇ ಅಂದ. ಧಕ್ಕೆ ಪೂರ್ತಿ ನಕ್ಕಿತು. "ಪಟ್ಟಿಲಿ ಇಲ್ಲದ್ದು ಇನ್ನು ನೀರಿಗೆ ಇಳೀಬಾರ್ದು. ಮನೇಲಿ ಕವುಚಿ ಹಾಕು."

ಬೀರಮ್ಮನ ಒಲೆ ಉರಿಯುತ್ತಿದ್ದದ್ದು ನನ್ನಿಂದ. ಆ ನಗುವನ್ನು ನನ್ನ ಹಲಗೆಗಳು ಉಪ್ಪುನೀರಿನಂತೆ ಹೀರಿಟ್ಟುಕೊಂಡವು. ಮರವೇ ಹೌದು, ಆದರೆ ಮರೆಯುವ ಮರವಲ್ಲ ನಾನು.

ಗುರುವಾರ ಬೆಳಿಗ್ಗೆ ಅವಳು ನನ್ನನ್ನು ನೀರಿಗೆ ನೂಕಿದಳು. "ಪಟ್ಟಿಲಿ ಇಲ್ಲದವಳಿಗೆ ಅವನ ಹುಕುಂ ಎಂತಕೆ," ಎನ್ನುತ್ತ ಅಳಿವೆಯೊಳಗೇ ಬಳಚು ಆರಿಸತೊಡಗಿದಳು. ವಾಮನ ತನ್ನ ಮೋಟಾರು ದೋಣಿಯಲ್ಲಿ ಕಡಲಿಗಿಳಿದು ಎಲ್ಲರನ್ನೂ ಒಳಗೆ ಅಟ್ಟಿದ. ಅಷ್ಟರಲ್ಲಿ ಇಳಿತ ಬಂದು ನೀರು ತಗ್ಗಿತು. ಕಡೆಯವನಾಗಿ ಮರಳುವಾಗ ಅವನ ದೋಣಿ ಅಳಿವೆಬಾಯಿಯ ಮರಳುದಿಬ್ಬ ಹತ್ತಿ ಕೂತುಬಿಟ್ಟಿತು.

ಧಕ್ಕೆಯಲ್ಲಿ ಪೊಲೀಸರು ಪಟ್ಟಿಯ ನಕಲು ಹಿಡಿದು ಎಣಿಸಿದರು. ನಲವತ್ತೊಂದಕ್ಕೆ ನಲವತ್ತೊಂದು. ಎಲ್ಲ ಬಂದವೆಂದು ಮೇಲಿನವರಿಗೆ ತಿಳಿಸಿದರು. ಊರಿನ ದೋಣಿಗಳನ್ನೆಲ್ಲ ಬರೆದವನು ತನ್ನದನ್ನೇ ಬರೆದಿರಲಿಲ್ಲ.

"ಹಲೋ... ಹಲೋ... ನಾನು ವಾಮನ..." ದಿಬ್ಬದಿಂದ ಮೈಕು ಕಿರುಚಿತು. ದಡದವರು ಇದು ದಿನಾ ಇದ್ದದ್ದೇ ಎಂದು ಕಿವಿಗೊಡಲಿಲ್ಲ.

ಬೀರಮ್ಮ ನನ್ನನ್ನು ಅತ್ತ ತಿರುಗಿಸಿದಳು. ನಾಲ್ಕು ಮಾರು ದೂರದಲ್ಲಿ ಕೋಲು ಊರಿ ನಿಲ್ಲಿಸಿದಳು.

"ಬೇಗ ಬಾರೆ ಬೀರಕ್ಕ. ಹನ್ನೊಂದಕ್ಕೆ ಹಾರಿಸ್ತಾರೆ."

"ಮರಿಗೆಲಿ ಕೂರ್ತ್ಯನಾ?"

"ಕೂರ್ತೆ ಮಾರಾಯ್ತಿ."

"ಹಂಗಾರೆ ಪಟ್ಟಿ ತೆಗಿ. ಎಲ್ಲರಿಗಿಂತ ಮೇಲೆ ನಮ್ಮದು ಬರಿ."

ಬರೆದ. ಬಿಳಿ ಪ್ಯಾಂಟಿನಲ್ಲಿ ಬಳಚಿನ ಕೆಸರಿನ ಮೇಲೇ ಕೂತ. ನನ್ನ ಅಡಿಯಲ್ಲೊಂದು ಹಳೆಯ ಬಿರುಕಿದೆ, ಹತ್ತಿ ತುರುಕಿದ್ದು. ಅದನ್ನು ಸ್ವಲ್ಪ ಸಡಿಲ ಬಿಟ್ಟೆ. ಸುಳ್ಳೇಕೆ, ಬೇಕೆಂದೇ ಬಿಟ್ಟೆ. ನೀರು ಒಳಗೆ ಜಿನುಗಿತು. ಬೀರಮ್ಮ ಅವನ ಕೈಗೆ ತೆಂಗಿನ ಚಿಪ್ಪು ಕೊಟ್ಟು, "ತೋಡು," ಎಂದಳು. ಕಡಲಿಗೆ ಕ್ಷಿಪಣಿ, ಇವನಿಗೆ ಚಿಪ್ಪು. ದಾರಿಯುದ್ದಕ್ಕೂ ತೋಡಿದ.

ಧಕ್ಕೆ ಮುಟ್ಟಿದಾಗ ಅವಳು ಕೋಲಿನಿಂದ ಮೈಕು ತೋರಿಸಿದಳು. "ಈಗ ಓದು."

"ಒಂದನೇ ನಂಬರು... ಬೀರಮ್ಮನ ಪಾತಿ ದೋಣಿ," ಎಂದು ಓದಿದ. ಧಕ್ಕೆ ಮತ್ತೆ ನಕ್ಕಿತು. ಈ ಸಲ ನನ್ನನ್ನು ನೋಡಿ ಅಲ್ಲ.

ಆಮೇಲೆ ಹನ್ನೆರಡು ವರ್ಷ ನೀರಿನಲ್ಲಿದ್ದೆ. ಈಗ ಮುದಿಯಾಗಿ ಬೀರಮ್ಮನ ಅಂಗಳದಲ್ಲಿದ್ದೇನೆ, ನಿಜಕ್ಕೂ ಮರಿಗೆಯಾಗಿ. ಎಮ್ಮೆ ನನ್ನಲ್ಲಿ ಅಕ್ಕಚ್ಚು ಕುಡಿಯುತ್ತದೆ. ನನಗೇನೂ ಬೇಸರವಿಲ್ಲ. ವಾಮನ ದಿನಾ ಹಾಲಿಗೆ ಬರುತ್ತಾನೆ. ಒಣ ನೆಲದಲ್ಲಿರುವ ನನ್ನನ್ನು ದಾಟುವಾಗಲೂ ಪ್ಯಾಂಟು ಮೊಣಕಾಲಿನ ತನಕ ಎತ್ತಿಕೊಳ್ಳುತ್ತಾನೆ.