ಸಾಕ್ಷಿಗೆ ಇಟ್ಟ ಡಬ್ಬ

ಸಾರಾಯಿ ನಿಲ್ಲಿಸಲು ಮಾಡಿದ ನಮ್ಮ ಸಮಿತಿಯಲ್ಲಿ ಬೇಕಾದವರೆಲ್ಲ ಇದ್ದರು. ಊರಿನ ಆಡಳಿತ ನೋಡುವ ಚೀಫ್ ಕಿಬೂಚಿ, ಠಾಣೆಯ ಸಾರ್ಜೆಂಟ್, ಆಸ್ಪತ್ರೆಯ ನರ್ಸ್ ಜೂರಾ, ಚರ್ಚಿನ ಪಾದ್ರಿ. ಕುಡುಕರ ಮನೆಯವರ ಪರವಾಗಿ ನಾನು. ನನ್ನ ತಮ್ಮ ಗಚೋಕನಿಗೆ ಬೆಳಗ್ಗೆ ಮುಖ ತೊಳೆಯುವ ಮೊದಲೇ ಚಾಂಗಾ ಬೇಕು. ಹೊಳೆಬದಿಯಲ್ಲಿ ಕಾಯಿಸುವ ಸಾರಾಯಿ ಅದು. ಅವನ ದೆಸೆಯಿಂದ ನನಗೆ ಆ ಕುರ್ಚಿ ಸಿಕ್ಕಿತ್ತು.

ಮೊದಲ ಸಭೆಯಲ್ಲೇ ಜೂರಾ ಮೇಜು ಕುಟ್ಟಿ ಹೇಳಿದ್ದಳು: "ವರ್ಷಗಟ್ಲೆ ಕುಡಿದೋರಿಗೆ ಒಂದೇ ಸಲ ನಿಲ್ಲಿಸಿದ್ರೆ ಫಿಟ್ಸ್ ಬಂದು ಪ್ರಾಣ ಹೋಗುತ್ತೆ. ಮೊದ್ಲು ಮಾತ್ರೆ ಬರ್ಲಿ, ಆಮೇಲೆ ದಾಳಿ ಮಾಡಿ." ಎಲ್ಲರೂ ಒಪ್ಪಿದರು. ಸೋಮವಾರ ಮಾತ್ರೆ, ಮಂಗಳವಾರ ದಾಳಿ. ಪಾದ್ರಿ ಪ್ರಾರ್ಥನೆ ಮಾಡಿದರು, ಚಹಾ ಕುಡಿದೆವು. ಸದ್ಯ, ತಮ್ಮ ಬದುಕಿಕೊಂಡ ಎಂದುಕೊಂಡೆ.

ಆದರೆ ಅದಕ್ಕೂ ಮುಂಚಿನ ಗುರುವಾರ ಮೇಲಿನ ಸಾಹೇಬರೊಬ್ಬರು ಊರಿಗೆ ಬಂದರು. ಅವರಿಗೆ ತೋರಿಸಲು ಏನಾದರೂ ಬೇಕಲ್ಲ! ಚೀಫ್ ಅಂದೇ ದಾಳಿ ಮಾಡಿಸಿಬಿಟ್ಟ. ಸಾಹೇಬರ ಕಣ್ಣೆದುರು ಡ್ರಮ್ಮುಗಳನ್ನು ಹೊಳೆಗೆ ಉರುಳಿಸಿದರು, ಹೆಂಗಸರು ಕೇಕೆ ಹಾಕಿ ಕುಣಿದರು. ನಾನು ಟೀ ತೋಟದಲ್ಲಿದ್ದೆ. ನರ್ಸಿಗೆ ಚೀಫ್ ಹೇಳಿರುತ್ತಾನೆ ಅಂತ ಸಾರ್ಜೆಂಟ್, ಸಾರ್ಜೆಂಟ್ ಹೇಳಿರುತ್ತಾನೆ ಅಂತ ಚೀಫ್. ಹೇಳಿದವರು ಯಾರೂ ಇಲ್ಲ.

ಶನಿವಾರ ಬೆಳಗ್ಗೆ ಗಚೋಕನ ಕೈ ಲೋಟ ಹಿಡಿಯದಷ್ಟು ನಡುಗುತ್ತಿತ್ತು. "ಅಕ್ಕಾ, ಗೋಡೆ ತುಂಬ ಇರುವೆ, ಒರೆಸೇ" ಎಂದು ಅತ್ತ. ಗೋಡೆಯಲ್ಲಿ ಒಂದು ಇರುವೆಯೂ ಇರಲಿಲ್ಲ. ಅಮ್ಮನನ್ನು ಅವನ ಪಕ್ಕ ಕೂರಿಸಿ ಆಸ್ಪತ್ರೆಗೆ ಓಡಿದೆ.

ಜೂರಾ ತಲೆ ಚಚ್ಚಿಕೊಂಡಳು. "ದೊಡ್ಡಾಸ್ಪತ್ರೆಗೆ ಹೋಗೋಕೆ ಗಾಡಿ ಕರೆಸ್ತೀನಿ. ಮಾತ್ರೆ ಇನ್ನೂ ಬಂದಿಲ್ಲ. ಗಾಡಿ ಬರೋವರ್ಗೂ ಫಿಟ್ಸ್ ತಡೆಯೋಕೆ ಒಂದು ಲೋಟ ಚಾಂಗಾ ಹುಡುಕಿ ಕುಡಿಸು. ನರ್ಸಾಗಿ ನಾನೇ ಹೇಳ್ತಿದೀನಿ, ಓಡು!"

ಸಾರಾಯಿ ಕಾಯಿಸುವ ವಂಜುಗುವಿನ ಮನೆಗೆ ಹೋದೆ. "ಓಹೋ, ಸಮಿತಿ ಅಮ್ಮಾವ್ರು! ಹೊಳೇಗ್ ಹೋಗಿ ಬೊಗಸೇಲಿ ಮೊಗೆದುಕೊಳ್ಳಿ, ಅಲ್ಲೇ ಸುರಿದಿದ್ದಲ್ವಾ ನೀವು?" ಎಂದಳು. ಆಮೇಲೆ ನನ್ನ ಮುಖ ನೋಡಿ ಮೆತ್ತಗಾದಳು. "ಇದ್ದಿದ್ರೆ ಕೊಡ್ತಿದ್ದೆ ಕಣೇ. ಒಂದೇ ಒಂದು ಡಬ್ಬ ಉಳಿದಿರೋದು. ಚೀಫ್ ಆಫೀಸಲ್ಲಿದೆ."

ಡಬ್ಬ ಚೀಫನ ಕುರ್ಚಿಯ ಹಿಂದೆಯೇ ಇತ್ತು, ಬಾಯಿಗೆ ಅರಗಿನ ಮುದ್ರೆ ಒತ್ತಿತ್ತು.

"ಅದು ಕೋರ್ಟಿನ ಸಾಕ್ಷಿ ಕಣಮ್ಮ. ಮುದ್ರೆ ಒಡೆದ್ರೆ ನನ್ ಕೆಲಸ ಹೋಗುತ್ತೆ."

"ಒಂದೇ ಲೋಟ, ಚೀಫ್. ನಿಮ್ಮ ಕಾಲಿಗೆ ಬೀಳ್ತೀನಿ. ಅವನು ಸಾಯ್ತಾನೆ."

"ಸಮಿತಿಯೋಳಾಗಿ ನೀನೇ ಕುಡಿಸ್ತೀನಿ ಅಂತೀಯಲ್ಲ, ನಾಚಿಕೆ ಆಗಲ್ವಾ?"

ಆದರೂ ಅವನು ಸಾರ್ಜೆಂಟ್‌ಗೆ ಫೋನ್ ಮಾಡಿದ. ಕೋರ್ಟಿನವರನ್ನು ಕೇಳಬೇಕು ಎಂದ ಸಾರ್ಜೆಂಟ್. ಶನಿವಾರ ಕೋರ್ಟ್ ಎಲ್ಲಿರುತ್ತೆ? ನಾನು ಡಬ್ಬಕ್ಕೆ ಕೈ ಹಾಕಿದೆ. ಪೇದೆಯೊಬ್ಬ ರಟ್ಟೆ ಹಿಡಿದು ನನ್ನನ್ನು ಹೊರಗೆ ತಳ್ಳಿದ.

ಮನೆಗೆ ಬಂದಾಗ ಎಲ್ಲ ಮುಗಿದಿತ್ತು. ಗಚೋಕ ನಾಲಿಗೆ ಕಚ್ಚಿಕೊಂಡು ನೆಲದ ಮೇಲೆ ಬಿದ್ದಿದ್ದ. ಅಮ್ಮ ಅವನ ಬಾಯಿಗೆ ನೀರು ಬಿಡುತ್ತಲೇ ಇದ್ದಳು, ಅದು ಕೆನ್ನೆ ಮೇಲೆ ಹರಿಯುತ್ತಿತ್ತು. ಆಮೇಲೆ ಗಾಡಿ ಬಂತು. ನನಗೆ ಆ ಗಾಡಿಗೆ ಬೆಂಕಿ ಹಚ್ಚಬೇಕೆನಿಸಿತು.

ಮಣ್ಣಿಗೆ ಸಮಿತಿಯವರೆಲ್ಲ ಬಂದರು. ಜೂರಾ ದೂರ ನಿಂತು ಅಳುತ್ತಿದ್ದಳು. ಪಾದ್ರಿ ಅಮ್ಮನ ತಲೆ ಮೇಲೆ ಕೈಯಿಟ್ಟು, "ಸಮಾಧಾನ ಮಾಡ್ಕೊಳ್ಳಮ್ಮ, ನಿನ್ನ ಮಗ ಕುಡಿತ ಬಿಟ್ಟು ದೇವರ ಹತ್ರ ಹೋದ" ಎಂದರು.

ಅಮ್ಮ ತಲೆಯೆತ್ತಿದಳು. ಅಷ್ಟು ವರ್ಷ ಅವಳು ಬೇಡಿದ್ದು ಅದೊಂದನ್ನೇ. "ಹೌದಾ ಮಗಳೇ, ಬಿಟ್ಟಿದ್ನಾ?" ಎಂದು ನನ್ನ ಕೈ ಹಿಡಿದು ಕೇಳಿದಳು.

"ಹೂಂ ಅಮ್ಮ, ಬಿಟ್ಟಿದ್ದ" ಎಂದೆ.