ಮೆಟ್ಟಿಲ ತಿರುವಿನ ಹಸಿರು ಚುಕ್ಕಿ

ಸಂದೇಶ ಕಳಿಸುವ ಎರಡು ವಿಧಾನಗಳಲ್ಲಿ ಯಾವುದು ಮೇಲು ಎಂದು ಅವಳ ಗಂಡನೂ ಅವರಿಬ್ಬರ ಮಾರ್ಗದರ್ಶಕಿಯಾಗಿದ್ದ ಮೇಡಂ ಕೂಡ ವಾದಿಸುತ್ತಿದ್ದದ್ದನ್ನು ಪ್ರಯೋಗಾಲಯದ ಗೋಡೆಗಳೂ ಕೇಳಿ ಕೇಳಿ ಬೇಸತ್ತಿದ್ದವು. ನಡುವೆ ಟವರ್ ಇಲ್ಲ, ತಂತಿಯಿಲ್ಲ. ಓಡಾಡುವವರ ಜೇಬಿನ ಫೋನುಗಳೇ ಒಂದರಿಂದ ಒಂದಕ್ಕೆ ಸಂದೇಶ ದಾಟಿಸಬೇಕು. ಜನ ಕದಲಿದಂತೆ ದಾರಿಯೂ ಕದಲುತ್ತದೆ. ಮೇಡಂ ವಿಧಾನದಲ್ಲಿ ಪ್ರತಿ ಫೋನೂ ಎಲ್ಲರ ದಾರಿಯನ್ನೂ ಸದಾ ತಿಳಿದಿಟ್ಟುಕೊಂಡಿರುತ್ತದೆ. ಗಂಡನದರಲ್ಲಿ, ಬೇಕಾದಾಗ ಮಾತ್ರ ಅಕ್ಕಪಕ್ಕದವರನ್ನು ಕೇಳಿ ಹುಡುಕಿಕೊಳ್ಳುತ್ತದೆ.

"ಕೇಳ್ತಾ ನಿಂತ್ರೆ ಬಸ್ಸು ಹೋಗಿರುತ್ತಪ್ಪಾ," ಎನ್ನುತ್ತಿದ್ದರು ಮೇಡಂ.

"ಎಲ್ಲಿಗೂ ಹೋಗದವನು ಊರಿನ ಬಸ್ಸುಗಳನ್ನೆಲ್ಲ ಯಾಕೆ ಬಾಯಿಪಾಠ ಮಾಡ್ಬೇಕು ಮೇಡಂ?"

ಅವನು ತೀರಿಕೊಂಡ ಮೇಲೆ ಹೋಲಿಕೆಯ ಕೆಲಸ ಅವಳ ಹೆಗಲೇರಿತು. ಅವನ ಫೋನನ್ನೂ ಪ್ರಯೋಗಕ್ಕೆ ಸೇರಿಸಿಕೊಂಡಳು. ಪರದೆಯ ಮೇಲೆ ಒಂದೊಂದು ಫೋನೂ ಒಂದೊಂದು ಚುಕ್ಕಿ. ಅವನ ಚುಕ್ಕಿ ಹಸಿರಾಗಿ ಮೆಟ್ಟಿಲು ಹತ್ತುವುದನ್ನು ನೋಡುತ್ತ ಕೂತರೆ ಕಾಫಿ ಆರಿಹೋದದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ.

ಇವತ್ತು ಸಂಜೆಯೊಳಗೆ ಆ ಹೋಲಿಕೆಯ ಪ್ರಬಂಧ ಹೋಗಬೇಕಿತ್ತು, ಅವನ ಹೆಸರಿನಲ್ಲಿ, ಕಡೆಯದಾಗಿ. ಅವನ ಫೋನು ಹಿಡಿದು ಓಡಾಡಲು ನಾದಿನಿ ಬಂದಿದ್ದಳು.

"ಅತ್ತಿಗೆ, ಕಾಲು ಬಿದ್ದೇ ಹೋಯ್ತು. ಕೊನೇ ಸಲ, ಕೊನೇ ಸಲ ಅಂತ ಎಷ್ಟು ಹತ್ತಿಸ್ತೀರಿ?"

"ಇನ್ನೊಂದು ಸುತ್ತು. ಆಮೇಲೆ ಕಾಫಿ ಕೊಡಿಸ್ತೀನಿ."

"ಅಣ್ಣನೂ ಹೀಗೇ ಪುಸಲಾಯಿಸ್ತಿದ್ದ. ಆ ಕಾಫಿ ಇನ್ನೂ ಬಂದಿಲ್ಲ." ಅಂದವಳೇ ನಾದಿನಿ ಕಿಟಕಿಯ ಕಡೆ ತಿರುಗಿದಳು.

ಆ ಸುತ್ತಿನಲ್ಲೂ ಗಂಡನ ವಿಧಾನ ಮಣ್ಣುಮುಕ್ಕಿತು. ಗೆದ್ದ ಮೇಡಂ ಮುಖದಲ್ಲಿ ಗೆಲುವಿರಲಿಲ್ಲ. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತರು.

"ಇಷ್ಟು ಕೆಟ್ಟದಾಗಿ ಸೋಲೋನಲ್ಲ ಕಣಮ್ಮ ಅವನು. ಸಂದೇಶಗಳು ಎಲ್ಲಿ ಕಳೆದುಹೋಗ್ತಿವೆ ನೋಡು."

ನೋಡಿದಳು. ಎಲ್ಲವೂ ಮೆಟ್ಟಿಲ ತಿರುವಿನಲ್ಲಿ, ಅವನ ಚುಕ್ಕಿಯಲ್ಲಿ.

ಯಾಕೆಂದು ಅವಳಿಗೆ ಹೊಳೆಯಿತು. ಆ ಫೋನಿನ ಬ್ಯಾಟರಿ ಹಳತು, ನಡುದಾರಿಯಲ್ಲೇ ಆರಿಹೋಗುತ್ತದೆ. ಪ್ರತಿ ಫೋನೂ ಆಗಾಗ 'ಇದ್ದೇನೆ' ಎಂದು ಕೂಗಬೇಕು. ನಾಲ್ಕಾರು ಸಲ ಕೂಗು ಕೇಳದಿದ್ದರೆ ಉಳಿದವು ಅದನ್ನು ಬಿಟ್ಟು ಬೇರೆ ದಾರಿ ಕೇಳಬೇಕು. ಅದು ಅವನೇ ಬರೆದ ನಿಯಮ. ಮೊದಲ ಸಲ ಅವನ ಚುಕ್ಕಿ ಪರದೆಯಿಂದ ಅಳಿಸಿಹೋದಾಗ ಅವಳಿಗೆ ನೋಡಲಾಗಿರಲಿಲ್ಲ. ಆ ಒಂದು ಫೋನಿಗೆ ನಿಯಮ ಬೇಡವೆಂದು ಅವನ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದ್ದಳು. ಚಿತ್ರವಷ್ಟೇ ಉಳಿಯುತ್ತದೆ ಅಂದುಕೊಂಡಿದ್ದಳು. ಆದರೆ ಉಳಿದ ಫೋನುಗಳೂ ನಂಬಿ, ಆರಿಹೋದ ಅದರ ಕೈಗೇ ಸಂದೇಶ ಕೊಡುತ್ತ ಕೂತಿದ್ದವು.

ಮೇಡಂ ಆ ಸಾಲನ್ನು ಓದಿದರು.

"ನಾನು ತೆಗೀಲಾ?"

"ಬೇಡ ಮೇಡಂ. ನಾನೇ ತೆಗೀತೀನಿ."

ನಾದಿನಿ ಗೊಣಗುತ್ತಲೇ ಮತ್ತೆ ಹತ್ತಿದಳು. ತಿರುವಿನಲ್ಲಿ ಹಸಿರು ಚುಕ್ಕಿ ನಿಂತಿತು. ಅಕ್ಕಪಕ್ಕದ ಚುಕ್ಕಿಗಳು ಕಾದವು. ಆಮೇಲೆ ಅದು ಅಳಿಸಿಹೋಯಿತು. ಅವು ಒಂದನ್ನೊಂದು ಕೇಳಿಕೊಂಡು ಕಿಟಕಿ ಬಳಿಯ ಫೋನಿನ ಮೂಲಕ ದಾರಿ ಮಾಡಿಕೊಂಡವು. ಸಂದೇಶಗಳು ತಾರಸಿಯಲ್ಲಿಟ್ಟಿದ್ದ ಕೊನೆಯ ಫೋನಿಗೆ ತಲುಪತೊಡಗಿದವು.

"ಗೆದ್ದ ನೋಡು, ಹಟಮಾರಿ," ಎಂದರು ಮೇಡಂ, ಕನ್ನಡಕ ಒರೆಸಿಕೊಳ್ಳುತ್ತ.

ಅವಳು ತಿರುವಿನ ಖಾಲಿ ಜಾಗವನ್ನೇ ನೋಡುತ್ತಿದ್ದಳು.

ಪ್ರಬಂಧ ಕಳಿಸಿದ್ದಾಯಿತು. ನಾದಿನಿ ತಣ್ಣಗಿದ್ದ ಫೋನನ್ನು ಅವಳ ಅಂಗೈಯಲ್ಲಿಟ್ಟಳು. ಅವಳು ಅದನ್ನು ಚಾರ್ಜಿಗೆ ಹಾಕಿ ಪರದೆಯ ಮುಂದೆ ಕೂತಳು.

"ಅತ್ತಿಗೆ, ಕಾಫಿ?"

"ನೀನು ನಡೀತಿರು, ಬಂದೆ."

ಚುಕ್ಕಿ ಮತ್ತೆ ಮೂಡಲು ಸ್ವಲ್ಪ ಹೊತ್ತು ಬೇಕಿತ್ತು.